ಕಾಶಿರಾಯನ ಬಾಟಲಿ

ಹಿಂದೆ ಜೀಪು... ಮುಂದೆ ಎಮ್ಮೆ ಹಿಂಡು!

ಬ್ರೇಕ್ ಹಾಕಿದ್ದರೆ ಇವತ್ತು ನಿಮ್ಮೆದುರು ಕೂತಿರುತ್ತಿರಲಿಲ್ಲ. ಬೈಕನ್ನು ತೊಗರಿ ಹೊಲಕ್ಕೆ ಇಳಿಸಿದೆ. ಬೆನ್ನಿಗೆ ಕಟ್ಟಿದ್ದ ಐಸ್ ಡಬ್ಬಿ ಗಡಗಡ ಅಂದಿತು.

ಡಬ್ಬಿಯಲ್ಲಿ ಏನಿತ್ತು ಅಂತೀರಿ? ಮೂತ್ರ!

ನಗಬೇಡಿ. ಅದು ಕಮಲಾಪುರದ ಬಣ್ಣದ ಕಾರ್ಖಾನೆಯ ಕೂಲಿ ಕಾಶಿರಾಯನದು. ಅವನಿಗೆ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಮಾಲೀಕ ಅಣವೀರಪ್ಪ ‘ಕಿಡ್ನಿ ಹರಳು’ ಅಂದು ಕೈತೊಳೆದುಕೊಂಡಿದ್ದ. ಖೂಬಾ ಪ್ಲಾಟ್ ಬಡಾವಣೆಯ ಡಾಕ್ಟರ್ ಸಾವಿತ್ರೀಬಾಯಿಗೆ ಕ್ಯಾನ್ಸರಿನ ಸಂಶಯ. ಮೂತ್ರದ ದಾರಿಯೊಳಗೆ ದುರ್ಬೀನು ಹಾಕಿ ನೋಡೋಣ ಅಂದರೆ ಕಾಶಿರಾಯ ಹೆದರಿ ಓಡುತ್ತಿದ್ದ.

ಪೊಲೀಸ್ ಕೆಲಸ ಬಿಟ್ಟ ಮೇಲೆ ಇಂಥದ್ದನ್ನು ತಲುಪಿಸುವುದೇ ನನ್ನ ಧಂದೆ. ಸಾವಿತ್ರೀಬಾಯಿಯವರು ಕರೆಸಿ ಹೇಳಿದ್ದರು.

“ಪ್ರೋಟೀನ್ ಮಾಡದ ಸಣ್ಣ ಆರ್‌ಎನ್‌ಎ ತುಣುಕು ಇರ್ತಾವ್ರೀ. ಕ್ಯಾನ್ಸರ್ ಇದ್ರ ಉಚ್ಚಿಯೊಳಗ ಅವು ಏರುಪೇರು ಆಗ್ತಾವ. ಹೈದರಾಬಾದಿನ ನನ್ನ ಗೆಳತಿ ಲ್ಯಾಬಿನಾಗ ಅದನ್ನೇ ಹುಡುಕಾಕತ್ತಾಳ. ಹೊಸ ಪರೀಕ್ಷಾ, ಪಕ್ಕಾ ಅಲ್ಲ. ಆದ್ರ ಕಾಶಿರಾಯನ ಹೆದರಿಕಿ ಬಿಡಸಾಕ ಸಾಕು. ಬಾಟ್ಲಿ ಥಂಡಿ ಕಡಿಮಿ ಆಗಬಾರದು!”

ಬಣ್ಣದಿಂದ ಕ್ಯಾನ್ಸರ್ ಅಂತಾದರೆ ಕಾರ್ಖಾನೆಗೆ ಬೀಗ. ಅದಕ್ಕೇ ಅಣವೀರಪ್ಪನ ಜೀಪು!

ಮೋಮಿನಪುರದ ಓಣಿಗೆ ನುಗ್ಗಿದೆ. ಜೀಪು ಒಳಗೆ ಹಿಡಿಸಲಿಲ್ಲ. ಕುಲ್ಫಿ ಮಾಡುವ ಇನಾಯತ್ ನನ್ನ ಹಳೇ ದೋಸ್ತ. ಬಾಟಲಿಯನ್ನು ಕುಲ್ಫಿಯ ತಗಡಿನ ಅಚ್ಚಿಗೆ ಇಳಿಸಿ, ಅಚ್ಚಿನ ಬಾಯಿಗೆ ಹಿಟ್ಟು ಮೆತ್ತಿ, ಉಪ್ಪು ಬೆರೆಸಿದ ಐಸಿನಲ್ಲಿ ಹುಗಿದ.

“ಇದರಾಗ ಹಾಲೂ ಕಲ್ಲಾಗ್ತದ ಭಾಯ್. ಫಿಕರ್ ಬ್ಯಾಡ!”

ನನ್ನ ಡಬ್ಬಿಗೆ ಇನ್ನೊಂದು ಬಾಟಲಿ ಬಂತು. ಅದರಲ್ಲಿ ತಣ್ಣಗಿನ ಚಹಾ.

ಸ್ಟೇಶನ್ ಬಜಾರದ ಲಾಡ್ಜ್ ಹಿಂದೆ ಸಿಕ್ಕಿಬಿದ್ದೆ. ಅಣವೀರಪ್ಪನ ಆಳು ದೌಲಪ್ಪನ ಚಾಕು ನನ್ನ ಪಕ್ಕೆಗೆ.

“ಡಬ್ಬಿ ಕೊಡಲೇ!”

ಕೊಟ್ಟೆ. ಅಣವೀರಪ್ಪ ಜೀಪಿನಿಂದ ಇಳಿದು ಚಹಾ ಮೋರಿಗೆ ಸುರಿದ.

“ಒಡದು ಹಾಕ್ಲೇನ್ರೀ ಬಾಟ್ಲಿ?” ಅಂದ ದೌಲಪ್ಪ.

“ಬ್ಯಾಡ. ಖಾಲಿ ಹೋದ್ರ ಆ ಡಾಕ್ಟರ್‌ಬಾಯಿ ಮತ್ತ ಕಳಸ್ತಾಳ. ನಂದೇ ಹೋಗ್ಲಿ! ಬಣ್ಣದಾಗ ಕಾಶಿರಾಯನಕಿಂತ ಜಾಸ್ತಿ ನಾ ಕೈ ಅದ್ದೀನಿ. ಏನಾಗೇದ ನನಗ?”

“ಸಾವ್ಕಾರ್ರೇ... ಬ್ಯಾಡ್ರೀ,” ಅಂದೆ. ನಿಜವಾಗಿಯೂ ಬೇಡ ಅನ್ನಿಸಿತ್ತು.

ಕೇಳಲಿಲ್ಲ. ಗೋಡೆ ಹಿಂದೆ ಹೋಗಿ ತುಂಬಿಕೊಂಡು ಬಂದ. ತಾನೇ ನಿಂತು ಡಬ್ಬಿಯನ್ನು ಹೈದರಾಬಾದ್ ರೈಲಿಗೆ ಹತ್ತಿಸಿದ. ಮುಂದಿನ ರೈಲಿಗೆ ಕಾಶಿರಾಯನ ಕುಲ್ಫಿ ಅಚ್ಚು ಹೋಯಿತು. ಮೊದಲ ಬಾಟಲಿ ಯಾರದಂತ ಬಾಯಿಯವರಿಗೆ ಫೋನಿನಲ್ಲಿ ಹೇಳಿಬಿಟ್ಟೆ.

ಫಲಿತಾಂಶ ಕೇಳಿ ಕಾಶಿರಾಯ ದುರ್ಬೀನಿಗೆ ಒಪ್ಪಿದ. ಸಣ್ಣ ಗಡ್ಡೆ, ತೆಗೆದರು. ಜೀವ ಉಳಿಯಿತು.

ಆಮೇಲೆ ಒಂದು ದಿನ ಅಣವೀರಪ್ಪ ನನ್ನ ಬಾಗಿಲಿಗೇ ಬಂದ. ಕಣ್ಣಲ್ಲಿ ಬೆಂಕಿ!

“ಅವಂಗ ಆಪರೇಶನ್ ಹ್ಯಾಂಗ ಆತಲೇ? ಬಾಟ್ಲಿಯೊಳಗ ಇದ್ದದ್ದು ನಂದು!”

“ಹೌದ್ರೀ. ಅವಂದು ಬ್ಯಾರೆ ಹೋಗಿತ್ತು. ನಿಮ್ಮ ರಿಪೋರ್ಟೂ ಬಂದದ... ಅವನಕಿಂತ ಕೆಟ್ಟ ಅದ.”

ಕಟ್ಟೆಯ ಮೇಲೆ ಕುಸಿದು ಕೂತ. ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ!

“ಹರಳು... ಹರಳೇ ಇರಬೇಕಲಾ?”

ನಾನು ಬೈಕಿನ ಕೀಲಿ ತೆಗೆದುಕೊಂಡೆ.

“ಹಿಂದ ಕೂಡ್ರಿ ಸಾವ್ಕಾರ್ರೇ. ಈ ಸಲ ಡಬ್ಬಿ ಬ್ಯಾಡ... ನೀವೇ ಬರ್ರಿ!”