ಬೀಗರ ಹಾಡಿನ ಮೊಕದ್ದಮೆ

"ನಮ್ಮಪ್ಪನ ಹೆಸರು ಯಾಕ ತಗೊಂಡ್ರಿ?"

ಖಾನಾಪುರದ ಕೋರ್ಟಿನ ಪಡಸಾಲೆಯಲ್ಲಿ ಸಿದರಾಯ ಎದುರಿಗೆ ಬಂದು ಕೇಳಿದ ಮೊದಲ ಮಾತೇ ಇದು. ಎಷ್ಟೋ ವರ್ಷಗಳ ಮೇಲೆ ಕಾಂತಾಳ ಮುಖ ನೋಡುತ್ತಿದ್ದಾನೆ, ಹೇಗಿದ್ದೀ ಎಂದೂ ಕೇಳಲಿಲ್ಲ ಮಹಾರಾಯ.

ಕಾಂತಾ ಅವನನ್ನೇ ನೋಡಿದಳು. ಎದೆ ಧಸಕ್ಕೆನ್ನಬೇಕಿತ್ತು... ಅನ್ನಲಿಲ್ಲ. ಬಹಳ ಕಾಲದಿಂದ ಅವಳಿಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನೋಡಿದರೆ ಗೋಡೆಯ ಮೇಲಿನ ಅವಳ ಪೋಸ್ಟರಿಗೆ ಯಾರೋ ಸೆಗಣಿ ಬಳಿದಿದ್ದರು. ಅದು ಬೇರೆ ಯಾರದೋ ಮುಖವೇನೋ ಎಂಬಂತೆ ಸುಮ್ಮನೆ ಕೂತಿದ್ದಳು.

ಅವಳೇನು ಸಾಮಾನ್ಯದವಳೇ! ಎಂಬತ್ತರ ದಶಕದ ಆ ದಿನಗಳಲ್ಲಿ ಬೆಳಗಾವಿಯ ಯಾವ ಕ್ಯಾಸೆಟ್ ಅಂಗಡಿಯ ಮುಂದೆ ನಿಂತರೂ ಅವಳದೇ ದನಿ. ಆರ್ಕೆಸ್ಟ್ರಾದವರು 'ಬೆಳಗಾವಿ ಕಾಂತಾ' ಎಂದು ಕೂಗಿದರೆ ಸಾಕು, ಹುಡುಗರು ಟೋಪಿ ಹಾರಿಸುತ್ತಿದ್ದರು. ಈಗ ಅದೇ ಊರು ಅವಳ ಹೆಸರು ಕೇಳಿದರೆ ಮೂಗು ಮುರಿಯುತ್ತಿತ್ತು.

ಎಲ್ಲಕ್ಕೂ ಕಾರಣ ಒಂದು ಬೀಗರ ಹಾಡು.

ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಅಪ್ಪನ ಹೆಸರು ಹಿಡಿದು, ಜರಿದು ಹಾಡುವುದು ಈ ಸೀಮೆಯ ಪದ್ಧತಿ. ಬೈಸಿಕೊಂಡ ಬೀಗ ಮೀಸೆ ತಿರುವಿ ನಗುತ್ತಾನೆ. ಬೈಯದೆ ಬಿಟ್ಟರೇ ಅವನಿಗೆ ಸಿಟ್ಟು. ಆದರೆ ಕ್ಯಾಸೆಟ್ಟಿಗೆ ಹಾಡುವಾಗ ಮದುವೆ ಎಲ್ಲಿಯದು, ಬೀಗ ಎಲ್ಲಿಯವನು? ಹೆಸರು ಬರಬೇಕಾದ ಜಾಗದಲ್ಲಿ ಕಾಂತಾಳ ಬಾಯಿಗೆ ಬಂದದ್ದು ಒಂದೇ ಹೆಸರು.

'ಖಾನಾಪುರದ ತಮ್ಮಣ್ಣ ಬೀಗಾ, ಕಡಾ ತಂದ ಧೋತರ ಉಟ್ಟ ಬಂದಾ!'

ಎರವಲು ಧೋತರದ ಬೀಗ! ಖಾನಾಪುರದಲ್ಲಿ ತಮ್ಮಣ್ಣ ಎಂದರೆ ಅಕ್ಕಿ ಗಿರಣಿಯ ತಮ್ಮಣ್ಣ, ಸಿದರಾಯನ ಅಪ್ಪ. ಕ್ಯಾಸೆಟ್ಟು ಬಂದ ವರ್ಷವೇ ಆತ ಚುನಾವಣೆಗೆ ನಿಂತಿದ್ದ. ಎದುರಾಳಿಗಳು ಟಾಂಗಾಕ್ಕೆ ಧ್ವನಿವರ್ಧಕ ಕಟ್ಟಿ ಓಣಿ ಓಣಿಗೆ ಈ ಹಾಡು ಹಾಕಿದರು. ತಮ್ಮಣ್ಣ ಸೋತ. ಮಾನ ಹೋಯಿತೆಂದು ಕೋರ್ಟಿಗೆ ಹೋದ. ಪತ್ರಿಕೆಗಳಿಗೆ ಹಬ್ಬವಾಯಿತು. ಹೆಣ್ಣಿಗೆ ಇಷ್ಟು ಸೊಕ್ಕು ಸಲ್ಲದೆಂದು ಒಂದು ಸಂಘದವರು ಅವಳ ಕ್ಯಾಸೆಟ್ಟುಗಳನ್ನು ರಸ್ತೆಯಲ್ಲಿ ಸುಟ್ಟರು. ಒಪ್ಪಿಕೊಂಡ ಕಾರ್ಯಕ್ರಮಗಳು ಒಂದೊಂದಾಗಿ ರದ್ದಾದವು.

ವಕೀಲ ಗುರುಪುತ್ರಪ್ಪನವರು ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಿದ್ದರು. ಈ ತಮ್ಮಣ್ಣ ಯಾರೋ ಗೊತ್ತಿಲ್ಲ, ತಾಳಕ್ಕೆ ಹೊಂದಿತು, ಹಾಡಿದೆ ಎಂದರೆ ಬಿಡುಗಡೆ. ಗೊತ್ತಿದ್ದೇ ಹಾಡಿದೆ ಎಂದರೆ ಜೈಲು, ಆಮೇಲೆ ಯಾರೂ ವೇದಿಕೆ ಹತ್ತಿಸುವುದಿಲ್ಲ. ಕಾಂತಾ ಹೂಂ ಅಂದಿದ್ದಳು.

"ಸೇಡು ತೀರಿಸ್ಕೊಂಡ್ರಿ, ಹೌದಲ್ರೀ?" ಸಿದರಾಯ ಬಿಡಲಿಲ್ಲ.

ಸೇಡು...! ಕಾಲೇಜು ಓದಲು ಬೆಳಗಾವಿಗೆ ಬಂದವನು ಗಣಪತಿ ಪೆಂಡಾಲಿನಲ್ಲಿ ಅವಳ ಹಾಡು ಕೇಳಿ, ಅಲ್ಲೇ ಅನಗೋಳ ಬಡಾವಣೆಯ ಅವಳ ಮನೆಗೆ ಹಿರಿಯರನ್ನು ಕಳಿಸಿದ್ದನಲ್ಲ, ಅದು ಮರೆತೇಹೋಯಿತೇ? ಸಂಬಂಧ ಗಟ್ಟಿಯಾಗಿ ಸಕ್ಕರೆ ಹಂಚಿದ್ದರು. ಹುಡುಗಿ ಆರ್ಕೆಸ್ಟ್ರಾದಲ್ಲಿ ಹಾಡಲು ಒಪ್ಪಿದ್ದಾಳೆಂದು ತಿಳಿದದ್ದೇ, ಇಂಥವಳು ನಮ್ಮ ಮನೆಗೆ ಬೇಡ ಎಂದು ತಮ್ಮಣ್ಣ ಹೇಳಿ ಕಳಿಸಿದ. ಸಿದರಾಯ ಒಂದು ಮಾತಾದರೂ ಆಡಿಯಾನೆಂದು ಕಾಂತಾ ಕಾದಳು. ಆಡಲಿಲ್ಲ. ಮನಸ್ಸು ಜೋಮು ಹಿಡಿದದ್ದು ಅಂದಿನಿಂದಲೇ.

ಅವಳು ಉತ್ತರ ಕೊಡುವ ಮೊದಲೇ ಒಳಗಿನಿಂದ ಕೂಗು ಬಂತು.

ಈ ತಮ್ಮಣ್ಣನವರು ನಿನಗೆ ಗೊತ್ತೇನಮ್ಮಾ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಕಾಂತಾ ಬಾಯಿ ತೆರೆದಳು. ಪಾಠ ನಾಲಿಗೆಯ ಮೇಲೇ ಇತ್ತು. ಎದುರಿನ ಬೆಂಚಿನ ಮೇಲೆ ಮುದುಕ ತಮ್ಮಣ್ಣ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಬರಿತಲೆಯಲ್ಲಿ ಕೂತಿದ್ದ.

ಗೊತ್ತಿಲ್ಲ ಅಂದುಬಿಟ್ಟರೆ... ಆ ಸಕ್ಕರೆ ಹಂಚಲೇ ಇಲ್ಲ ಅಂದಹಾಗೆ. ಸಿದರಾಯ ನನ್ನವನಾಗಿರಲೇ ಇಲ್ಲ ಅಂದಹಾಗೆ.

"ಗೊತ್ತದಾರ್ರೀ ಸಾಹೇಬ್ರ. ಇವರ ಹೆಸರ ಹಿಡದs ಹಾಡೇನಿ."

ಗುರುಪುತ್ರಪ್ಪನವರು ಹಣೆ ಒತ್ತಿಕೊಂಡರು.

"ಬೀಗರ ಹಾಡು ಕಂಡಕಂಡವರಿಗೆ ಹಾಡೂದಿಲ್ರೀ. ನಮ್ಮ ಮನಿಗೆ ಬೀಗರಂತ ಆದವರು ಇವರೊಬ್ಬರ. ಸಂಬಂಧ ಮುರದ್ರೂ ನನ್ನ ಬಾಯಾಗ ಇನ್ನೊಂದ ಹೆಸರು ಬರಲಿಲ್ಲ. ಶಿಕ್ಷಾ ಕೊಡ್ರಿ, ತಗೋತೀನಿ." ದನಿ ಏರಲೂ ಇಲ್ಲ, ನಡುಗಲೂ ಇಲ್ಲ.

ತಮ್ಮಣ್ಣ ಎದ್ದು ನಿಂತ. ಅವನ ವಕೀಲ ತೋಳು ಹಿಡಿದು ಎಳೆದರೂ ಕೂಡಲಿಲ್ಲ.

"ಕೇಸು ತಿರಗಿ ತಗೋತೀನ್ರೀ. ಈಕಿ ನನ್ನ ಬೈದಾಳಂತ ಬಂದಿದ್ದೆ. ಇಷ್ಟ ವರ್ಷ ಈಕಿ ನನ್ನ ಬೀಗ ಅಂತನs ತಿಳ್ಕೊಂಡಾಳ. ನನಗದು ತಿಳೀಲಿಲ್ಲ."

ಕಾಗದಪತ್ರದ ಕೆಲಸ ಮುಗಿಸಿ ಹೊರಗೆ ಬಂದಾಗ ಬಿಸಿಲು ಏರಿತ್ತು. ಕಾಂತಾ ಬೇವಿನ ಮರದ ಕಟ್ಟೆಯ ಮೇಲೆ ಕೂತಳು. ಸಿದರಾಯ ಬಂದು ಎದುರಿಗೆ ನಿಂತ.

"ಅವತ್ತ ಅಪ್ಪನ ಮುಂದ ನಾ ಬಾಯಿ ಬಿಡಲಿಲ್ಲ, ಕಾಂತಾ. ನಿನಗ ಹಾಡ ಸಿಕ್ಕತು, ಇನ್ನ ನಾ ಬ್ಯಾಡಾದೆ ಅಂತ ನನಗ ನಾನs ಹೇಳ್ಕೊಂಡು ಕುಂತೆ. ಬ್ಯಾರೆ ಯಾರನ್ನೂ ಮದಿವಿ ಆಗಾಕ ಆಗಲಿಲ್ಲ. ಈಗ ಅಪ್ಪಗ ಹೇಳೇ ಬಂದೇನಿ. ನೀ ಹಾಡೂದ ಬಿಡಬ್ಯಾಡ. ನನ್ನ ಜೋಡಿ ಬಾ."

ಇಷ್ಟು ಕೇಳಲು ಎಷ್ಟು ವರ್ಷ ಕಾದಿದ್ದಳು! ಅಳು ಬರಬೇಕಿತ್ತು. ಕಣ್ಣು ಒಣಗಿಯೇ ಇದ್ದವು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ನನಗ ಏನೂ ಅನಸವಲ್ದರೀ. ಖುಷಿನೂ ಇಲ್ಲ, ಸಿಟ್ಟೂ ಇಲ್ಲ. ಇಂಥಾಕಿನ್ನ ಕಟ್ಕೊಂಡು ಏನ ಮಾಡ್ತೀರಿ?"

"ಅನಸೂತನಕ ಬಾಜೂಕ ಕುಂದರ್ತೀನಿ."

ಹೇಳಿದಂತೆಯೇ ಪಕ್ಕದಲ್ಲಿ ಕೂತ. ಸಮಾಧಾನದ ಮಾತಾಡಲಿಲ್ಲ, ಕೈ ಹಿಡಿಯಲಿಲ್ಲ. ಬಸ್ಸು ಬಂತು, ಹೋಯಿತು. ಗಿರಣಿಯ ಕಡೆ ನಡೆದಿದ್ದ ತಮ್ಮಣ್ಣ ಒಮ್ಮೆ ತಿರುಗಿ ನೋಡಿ, ಕರೆಯದೆ ಮುಂದೆ ಹೋದ.

ನೆರಳು ಕಟ್ಟೆಯಿಂದ ಸರಿದ ಮೇಲೆ ಕಾಂತಾ ಮೆಲ್ಲಗೆ ಅಂದಳು.

"ರೀ... ಹಸಿವಾಗೇತಿ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆಮೇಲೆ ಕಣ್ಣು ತುಂಬಿ ಬಂದವು, ನಿಲ್ಲಲೇ ಇಲ್ಲ.

"ಏಳು," ಎಂದ ಸಿದರಾಯ. "ಮನಿಗೆ ಹೋಗೂಣು."