ಗರಿಹುಳ ಎಸೆಯುವ ಕೋಲು

ಹಕ್ಕಿಗಳಿಗೂ ಹಾವುಗಳಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ನೊರೆನಾಡು ಎಂಬ ಒಂದು ರಾಜ್ಯ. ರಾಜ್ಯದ ನಡುವೆ ಆಚೆ ದಡ ಕಾಣದಷ್ಟು ದೊಡ್ಡ ಕೆರೆ, ಕೆರೆಯ ದಡದಲ್ಲಿ ಬೆಸ್ತರ ಹಟ್ಟಿ, ಹಟ್ಟಿಯ ಕೊನೆಯ ಮನೆಯಲ್ಲಿ ಜವರ ಮತ್ತು ಅವನ ಹೆಂಡತಿ ಚೆಲುವಿ.

ಜವರನಿಗೆ ತನ್ನ ತೋಳಿನ ಮೇಲೆ ಬಲು ಹೆಮ್ಮೆ. ಆ ಹಟ್ಟಿಯಲ್ಲಿ ಗಾಳದ ಕೋಲು ಆರಿಸುತ್ತಿದ್ದದ್ದೇ ತೋಳು ನೋಡಿ. ಯಾರಿಗೂ ಬಗ್ಗದ ಕೋಲು ಯಾರ ಕೈಯಲ್ಲಿದೆಯೋ ಅವನೇ ಗಂಡಸು! ಜವರನ ಕೋಲು ಒನಕೆಯಷ್ಟು ದಪ್ಪವಿತ್ತು. ದಾರಕ್ಕೆ ಕಲ್ಲು ಕಟ್ಟಿ ಬೀಸಿದನೆಂದರೆ ಗಾಳ ದೂರ ಹೋಗಿ ದುಡುಮ್ಮೆಂದು ಬೀಳುತ್ತಿತ್ತು. ನಿದ್ದೆ ಕೆಟ್ಟ ಆಮೆಗಳು ತಲೆ ಎತ್ತಿ ಅವನ ವಂಶವನ್ನೆಲ್ಲ ಬೈದು ಮತ್ತೆ ಮುಳುಗುತ್ತಿದ್ದವು.

ಸಂಜೆ ಆ ಕೆರೆಯ ಮೇಲೆ ಮಂಜು ಇಳಿಯುತ್ತಿತ್ತು. ಮಂಜಿನಲ್ಲಿ ದೋಣಿಗಳಿಗೆ ದಡ ಕಾಣುತ್ತಿರಲಿಲ್ಲ. ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದು ಆ ನಾಡಿನಲ್ಲಿ ಇಲ್ಲ. ಅದಕ್ಕೇ ಒಬ್ಬೊಬ್ಬ ಹೆಂಗಸಿಗೂ ಅವಳದೇ ಒಂದು ಕೂಗು. ಆ ಕೂಗು ಹಿಡಿದುಕೊಂಡು ಅವಳ ಗಂಡ ದಡ ಮುಟ್ಟುತ್ತಿದ್ದ. ಚೆಲುವಿಯ ಕೂಗು ಹೀಗಿತ್ತು:

“ಓ… ಮುದ್ದೆ ಆರೋಯ್ತದೆ, ಬನ್ನೀ!”

ಅದರಲ್ಲಿ ಹಾಡೂ ಇಲ್ಲ, ರಾಗವೂ ಇಲ್ಲ. ಆದರೆ ಅದನ್ನು ಕೇಳಿದರೆ ಹಸಿವಿಲ್ಲದವನಿಗೂ ಹಸಿವಾಗುತ್ತಿತ್ತು, ಮನೆಯಿಲ್ಲದವನಿಗೂ ಮನೆಗೆ ಹೋಗಬೇಕೆನಿಸುತ್ತಿತ್ತು.

ಮನೆಯಿಲ್ಲದವನೊಬ್ಬ ಅಲ್ಲೇ ಇದ್ದ. ಕೆರೆಯ ನಡುವಿನ ಬಂಡೆಯ ಮೇಲೆ ಒಬ್ಬ ಮಾಂತ್ರಿಕ. ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿ, ಬಂಡೆಯಯ್ಯ ಎಂಬುದೇ ಹೆಸರಾಗಿತ್ತು. ಅವನ ಮೈ ಕಲ್ಲಿನಂತೆ ಭಾರ, ಮನಸ್ಸು ಅದಕ್ಕಿಂತ ಭಾರ. ದಿನವೂ ಚೆಲುವಿಯ ಕೂಗು ಕೇಳಿ ಕೇಳಿ ಅವನಿಗೆ ಹೊಟ್ಟೆಕಿಚ್ಚು ಹತ್ತಿತು. ಒಂದು ಸಂಜೆ ಮಂತ್ರ ಹಾಕಿ ಆ ಕೂಗನ್ನು ಗಾಳಿಯಲ್ಲೇ ಹಿಡಿದ. ಒಂದು ಬೆಳ್ಳಿಮೀನಿಗೆ ಅದನ್ನು ನುಂಗಿಸಿ, ಮೀನನ್ನು ಬಂಡೆಯ ಸುತ್ತಲಿನ ಕಪ್ಪುನೀರಿನಲ್ಲಿ ಬಿಟ್ಟ.

ಅಂದು ಜವರ ಮಂಜಿನಲ್ಲಿ ದಿಕ್ಕುತಪ್ಪಿ ಬೆಳಗಿನ ಜಾವಕ್ಕೆ ದಡ ಸೇರಿದ. ಚೆಲುವಿ ದಡದಲ್ಲೇ ನಿಂತಿದ್ದಳು. ಬಾಯಿ ತೆರೆದಳು, ಮಾತು ಬರಲಿಲ್ಲ. ಬರೀ ಗುನುಗು, ಬರೀ ಬಿಕ್ಕು.

ಹಟ್ಟಿಯ ಬಳಿಯ ಹುಣಸೆ ಮರದಲ್ಲಿ ಒಂದು ಮುದಿ ಬೆಳ್ಳಕ್ಕಿ ಇತ್ತು. ಅದರ ಕಣ್ಣಿಗೆ ಬೀಳದ್ದು ಆ ಕೆರೆಯಲ್ಲಿ ಯಾವುದೂ ಇರಲಿಲ್ಲ, ಅದರ ಬಾಯಿಗೆ ಬೀಳದವರೂ ಯಾರೂ ಇರಲಿಲ್ಲ.

“ನಾನು ನೋಡ್ದೆ ಕಣಯ್ಯ,” ಎಂದಿತು ಬೆಳ್ಳಕ್ಕಿ. “ನಿನ್ ಹೆಂಡ್ತಿ ದನಿ ಬೆಳ್ಳಿಮೀನಿನ ಹೊಟ್ಟೇಲದೆ. ಬರೋ ಹುಣ್ಣಿಮೆ ಕಳೆಯೋದ್ರೊಳಗೆ ಹಿಡೀಲಿಲ್ಲ ಅಂದ್ರೆ ಅಲ್ಲೇ ಕರಗೋಯ್ತದೆ. ಕಪ್ಪುನೀರಿಗೆ ದೋಣಿ ಇಳಿಸಿದ್ರೆ ದೋಣಿನೂ ಕಲ್ಲಾಯ್ತದೆ, ನೀನೂ ಕಲ್ಲಾಯ್ತೀಯ. ದೂರದಿಂದ್ಲೇ ಗಾಳ ಎಸೀಬೇಕು. ಆ ಮೀನು ಸದ್ದು ಮಾಡ್ದೆ ಬಿದ್ದದ್ದನ್ನ ಬಿಟ್ಟು ಬೇರೆ ಏನೂ ಮುಟ್ಟಲ್ಲ.”

ಬೆಳ್ಳಕ್ಕಿ ತನ್ನ ಎದೆಯ ಒಂದು ಎಳೆ ಗರಿ ಕಿತ್ತು ಕೊಟ್ಟಿತು. ಚೆಲುವಿ ಅದನ್ನು ಪುಟ್ಟ ಕೊಕ್ಕೆಗೆ ರೇಷ್ಮೆ ಎಳೆಯಿಂದ ಸುತ್ತಿ, ಮೀನಿನ ಕಣ್ಣಿಗೆ ಹುಳದಂತೆ ಕಾಣುವ ಗರಿಹುಳ ಮಾಡಿದಳು. ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ತಿಳಿಯದಷ್ಟು ಹಗುರ. ಜವರನ ಒನಕೆ ಕೋಲಿಗೆ ಅದನ್ನು ಕಟ್ಟಿದರೆ ಕೋಲಿಗೇ ನಾಚಿಕೆಯಾಗುವಂತಿತ್ತು.

ಜವರ ನೇರ ಅರಮನೆಗೆ ಹೋದ. “ಬುದ್ಧೀ, ನನ್ ಹೆಂಡ್ತಿ ದನಿ ಬಿಡಿಸ್ಕೊಂಡು ಬರಬೇಕು. ಒಳ್ಳೇದೊಂದು ಗಾಳದ ಕೋಲು ಕೊಡಿಸ್ಬೇಕು,” ಎಂದು ಕೈಮುಗಿದ. ಅರಸ ಒಳ್ಳೆಯವನು. ಉಗ್ರಾಣದಿಂದ ಕಗ್ಗಲಿ ಮರದ ಕೋಲು ತರಿಸಿ ಕೊಟ್ಟ. ಅದಕ್ಕೆ ಉದ್ದಕ್ಕೂ ಚಿನ್ನದ ಕಟ್ಟು. “ಮೊಸಳೆ ಎಳೆದರೂ ಇದು ಬಗ್ಗುವುದಿಲ್ಲ, ಮಗು,” ಎಂದ. ಜವರನಿಗೆ ಬೇಕಾದದ್ದೂ ಅದೇ ಮಾತು.

ಕಪ್ಪುನೀರಿನ ಅಂಚಿಗೆ ದೋಣಿ ನಿಲ್ಲಿಸಿ ಇದ್ದ ಬಲವನ್ನೆಲ್ಲ ಹಾಕಿ ಬೀಸಿದ. ಕೋಲು ಮಿಸುಕಲಿಲ್ಲ. ಗರಿಹುಳ ಬಂದು ಅವನ ತಲೆಯ ಮೇಲೇ ಕೂತಿತು. ಮತ್ತೆ ಬೀಸಿದ, ಬೆನ್ನಿಗೆ ಅಂಟಿತು. ರೇಗಿಹೋಗಿ ದಾರಕ್ಕೆ ಒಂದು ಕಲ್ಲು ಕಟ್ಟಿ ಬೀಸಿಬಿಟ್ಟ. ಈಗ ಗಾಳ ದೂರ ಹೋಯಿತು, ದುಡುಮ್ಮೆಂದು ಬಿತ್ತು. ಬೆಳ್ಳಿಮೀನು ಆಳಕ್ಕೆ ಓಡಿತು. ಬಂಡೆಯಯ್ಯ ಎದ್ದು ಕೂತ.

“ಕೂಗು ಕಳ್ಕೊಂಡಿದ್ದು ಸಾಲ್ದು ಅಂತ ಬಂದ್ಯಾ? ಹಂಗಾದ್ರೆ ಗುನುಗೂ ನಂದೇ!” ಎಂದು ನೀರಿಗೆ ಅಂಗೈ ಬಡಿದ.

ಜವರ ಮನೆಗೆ ಬಂದಾಗ ಚೆಲುವಿ ರಾಗಿ ಬೀಸುತ್ತಿದ್ದಳು. ಕಲ್ಲಿನ ಸದ್ದು ಮಾತ್ರ ಇತ್ತು, ಅವಳ ಗುನುಗು ಇರಲಿಲ್ಲ.

ಗಟ್ಟಿ ಕೋಲು ಕೆಟ್ಟದ್ದು, ಹಾಗಾದರೆ ಮೆತ್ತನೆಯದೇ ಸರಿ ಎಂದುಕೊಂಡ ಜವರ. ಮಾರನೆಯ ದಿನವೇ ಕೆರೆಯಾಚೆಯ ಜೊಂಡಿನಲ್ಲಿದ್ದ ನೀರುಹಾವುಗಳ ರಾಣಿಯ ಬಳಿಗೆ ಹೋದ. ಅವಳು ಅವನ ಕತೆ ಕೇಳಿ ಮರುಗಿ, “ತಗೊಳಪ್ಪ, ಇದಕ್ಕಿಂತ ಮೆತ್ತಗಿರೋದು ಮೂರು ಲೋಕದಲ್ಲೂ ಇಲ್ಲ,” ಎಂದು ತೆಳ್ಳನೆಯ ಬೆತ್ತದ ಕೋಲೊಂದನ್ನು ಕೊಟ್ಟಳು. ಉಸಿರು ಬಿಟ್ಟರೆ ಸಾಕು, ಅದು ಬುಡದಿಂದ ತುದಿಯವರೆಗೆ ಬಳುಕುತ್ತಿತ್ತು.

ಈ ಸಲ ಗರಿಹುಳ ಹಾರಿತು, ಆದರೆ ತನಗೆ ತೋಚಿದ ಕಡೆಗೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಜವರನ ಮೂಗಿಗೆ. ಕೊನೆಗೆ ಅವನ ಪುಣ್ಯಕ್ಕೆ ಸದ್ದಿಲ್ಲದೆ ಬಂಡೆಯ ಬಳಿ ಇಳಿಯಿತು. ಬೆಳ್ಳಿಮೀನು ಮೇಲೆ ಬಂದು ಗಬಕ್ಕನೆ ಬಾಯಿಗೆ ಹಾಕಿಕೊಂಡಿತು! ಜವರ ಜಗ್ಗಿದ. ಕೋಲು ಅವನ ಮುಷ್ಟಿಯವರೆಗೂ ಬಾಗಿತೇ ಹೊರತು ಕೊಕ್ಕೆ ನಾಟಲಿಲ್ಲ. ಮೀನು ಗರಿಯನ್ನು ಉಗಿದು ಬಂಡೆಯಯ್ಯನ ಬಳಿ ದೂರು ಒಯ್ಯಿತು.

“ಹಂಗಾದ್ರೆ ಬಿಕ್ಕೂ ನಂದೇ!” ಎಂದ ಬಂಡೆಯಯ್ಯ. ಮತ್ತೆ ನೀರಿಗೆ ಅಂಗೈ ಬಡಿದ.

ಆ ಸಂಜೆ ಚೆಲುವಿ ಒಲೆಯ ಮುಂದೆ ಕೂತು ಅತ್ತಳು. ಒಂದಿಷ್ಟೂ ಸದ್ದಿಲ್ಲ. ಬೆನ್ನು ತಿರುಗಿಸಿ ಕೂತಿದ್ದ ಜವರನಿಗೆ ಅವಳು ಅಳುತ್ತಿರುವುದೇ ಗೊತ್ತಾಗಲಿಲ್ಲ. ತಿರುಗಿ ನೋಡಿದಾಗ ಅವಳ ಕೆನ್ನೆಯೆಲ್ಲ ತೋಯ್ದಿತ್ತು. ಜವರನ ಎದೆ ಒಡೆದುಹೋಯಿತು.

“ಚೆಲುವಿ, ದಿನಾ ಸಂಜೆ ಕೂಗ್ತಿದ್ದೆ ನೀನು. ‘ಬಂದೆ’ ಅಂತ ಒಂದ್ ದಿನಾನೂ ನಾನು ಓಗೊಡಲಿಲ್ಲ,” ಎಂದ. ಚೆಲುವಿ ಸೆರಗಿನಿಂದ ಅವನ ಕಣ್ಣನ್ನೂ ಒರೆಸಿದಳು, ತನ್ನ ಕಣ್ಣನ್ನೂ ಒರೆಸಿಕೊಂಡಳು.

ಹೊರಗಿನ ಹುಣಸೆ ಮರದಿಂದ ಬೆಳ್ಳಕ್ಕಿಯ ದನಿ ಬಂತು. “ಅಳೋದು ಆಯ್ತಾ? ಇನ್ಮೇಲಾದ್ರೂ ಬುದ್ಧಿ ಕಲಿ. ಮೊದಲ್ನೇ ಸಲ ನಿನ್ ತೋಳು ನೋಡಿ ಕೋಲು ಆರಿಸ್ದೆ. ಎರಡ್ನೇ ಸಲ ಮೊದಲ್ನೇದರ ಮೇಲಿನ ಸಿಟ್ಟಿಗೆ ಆರಿಸ್ದೆ. ಎಸೀಬೇಕಾದ್ದು ಏನು ಅಂತ ಯಾವಾಗಪ್ಪಾ ನೋಡ್ತೀಯ? ಭಾರದ ಕಲ್ಲು ಗಟ್ಟಿ ಕೋಲನ್ನೂ ಬಗ್ಗಿಸ್ತದೆ. ಈ ಗರಿಗೆ ಅಷ್ಟು ಶಕ್ತಿ ಇಲ್ಲ. ಅದರ ತೂಕಕ್ಕೆ ತುದಿ ಬಗ್ಗಬೇಕು, ಬಗ್ಗಿದ ತುದಿ ಚಿಮ್ಮಿ ಅದನ್ನ ಎಸೀಬೇಕು. ತುದಿ ಅಷ್ಟು ಮೆತ್ತಗಿದ್ರೂ ಬುಡ ಗಟ್ಟಿಯಾಗಿರ್ಬೇಕು, ಮೀನು ಕಚ್ಚಿದ್ಮೇಲೆ ಹಿಡಿಯೋದು ಅದೇ. ಮೊದ್ಲು ಹುಳ, ಆಮೇಲೆ ಕೋಲು. ಹುಳ ತಗೊಂಡು ಹೋಗಿ ಕೋಲು ಹುಡುಕು!”

“ಸಿಕ್ಕಿದ್ದು ಅದೇ ಅಂತ ಹೆಂಗೆ ತಿಳಿಯೋದಜ್ಜಿ?”

“ಕಣ್ಣು ಮುಚ್ಚು. ನಿನ್ ಹೆಂಡ್ತಿ ತುದಿಗೆ ಹುಳ ಕಟ್ಲಿ, ಬಿಚ್ಲಿ. ಅದೆಯೋ ಇಲ್ವೋ ಅಂತ ಯಾವ ಕೋಲು ನಿನ್ ಅಂಗೈಗೆ ಹೇಳ್ತದೋ ಅದೇ ನಿನ್ ಕೋಲು.”

ಬೆಳಗಾದದ್ದೇ ಗಂಡ ಹೆಂಡತಿ ಬೆಟ್ಟದ ತಪ್ಪಲಿನ ಬಿದಿರುಮೆಳೆಗೆ ಹೋದರು. ಅದು ಮಾಯೆಯ ಮೆಳೆ. ಯಾರಾದರೂ ಬಂದರೆ ಬಿದಿರುಗಳು ಬೇರು ಕಿತ್ತುಕೊಂಡು ಮುಂದೆ ಬಂದು ನಿಲ್ಲುತ್ತಿದ್ದವು. “ನಾನು ಆನೆ ತಡೆದವನು, ನನ್ನ ತಗೊ!” ಎಂದಿತು ಒಂದು. “ನಾನು ನವಿಲಿಗೇ ಕುಣಿತ ಹೇಳಿಕೊಟ್ಟವಳು, ನನ್ನ ತಗೊ!” ಎಂದಿತು ಇನ್ನೊಂದು. ಸಂತೆಯಲ್ಲಿ ಎತ್ತು ಮಾರುವವರೂ ಅಷ್ಟು ಬಡಾಯಿ ಕೊಚ್ಚುವುದಿಲ್ಲ.

ಜವರ ಒಂದೊಂದನ್ನೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಚೆಲುವಿ ತುದಿಯಲ್ಲಿ ಗರಿಹುಳ ಕಟ್ಟಿದಳು, ಬಿಚ್ಚಿದಳು. ಆನೆ ತಡೆದ ಬಿದಿರು ಏನನ್ನೂ ಹೇಳಲಿಲ್ಲ. ಕುಣಿತದ ಬಿದಿರು ಹುಳ ಇದ್ದರೂ ನಡುಗಿತು, ಇಲ್ಲದಿದ್ದರೂ ನಡುಗಿತು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಎಲ್ಲ ಬಡಾಯಿಗಳೂ ಮುಗಿದ ಮೇಲೆ ಮೆಳೆಯ ಒಳಗೆ, ನೆರಳಿನಲ್ಲಿ, ಬಾಯಿಬಿಡದೆ ನಿಂತಿದ್ದ ಒಂದು ಬಿದಿರು ಚೆಲುವಿಯ ಕಣ್ಣಿಗೆ ಬಿತ್ತು. ಬುಡದಲ್ಲಿ ಹೆಬ್ಬೆರಳಿನ ಗಾತ್ರ, ತುದಿಯಲ್ಲಿ ಹುಲ್ಲುಕಡ್ಡಿಯ ಗಾತ್ರ. ಅವಳು ಗಂಡನ ಕೈ ಹಿಡಿದು ಅದರ ಮೇಲೆ ಇಟ್ಟಳು.

ಜವರ ಕಣ್ಣು ಮುಚ್ಚಿದ. “ಈಗ ಇಲ್ಲ,” ಎಂದ. ಚೆಲುವಿ ಹುಳ ಕಟ್ಟಿದ ಕೂಡಲೇ, “ಈಗ ಅದೆ!” ಎಂದ. ಆಮೇಲೆ ಅವನ ಅಂಗೈಗೆ ಗರಿಯದಲ್ಲದ ಏನೋ ಒಂದು ಮೆಲ್ಲಗೆ ತಾಕಿದಂತಾಯಿತು. “ಈಗ… ನೀನು. ತುದಿಗೆ ಬೆರಳಿಟ್ಟಿದ್ದೀಯ,” ಎಂದು ಕಣ್ಣು ತೆರೆದ. ಚೆಲುವಿ ಬೆರಳ ತುದಿಯನ್ನು ಬಿದಿರಿನ ತುದಿಗೆ ತಾಗಿಸಿ, ದನಿಯಿಲ್ಲದೆ ನಗುತ್ತಿದ್ದಳು. ಅಷ್ಟು ಹಗುರವಾದದ್ದನ್ನು ಜವರನ ಕೈ ಅದುವರೆಗೆ ಅರಿತಿರಲಿಲ್ಲ.

ಆ ಬಿದಿರನ್ನು ಕೇಳಿ ಕಡಿದು, ಒಲೆಯ ಮೇಲೆ ಹೊಗೆಗೆ ಕಟ್ಟಿ ಹದ ಮಾಡಿದರು. ಹುಣ್ಣಿಮೆಯ ಸಂಜೆ ಜವರ ದೋಣಿ ಬಿಟ್ಟ. ಕಪ್ಪುನೀರಿನ ಅಂಚಿನಲ್ಲಿ ನಿಂತು ಈ ಸಲ ತೋಳು ಎತ್ತಲೇ ಇಲ್ಲ. ಮಣಿಕಟ್ಟನ್ನು ಹಿಂದಕ್ಕೆ ತಂದು, ತುದಿ ಬಾಗಿದ್ದು ಅಂಗೈಗೆ ತಿಳಿದ ಮೇಲೆ ಮುಂದಕ್ಕೆ ಬಿಟ್ಟ, ಅಷ್ಟೇ. ಕೋಲೇ ಎಸೆಯಿತು. ಗರಿಹುಳ ಹಾರಿ ಹೋಗಿ ಬಂಡೆಯ ನೆರಳಿನಲ್ಲಿ ಇಳಿಯಿತು. ನೀರಿಗೂ ಗೊತ್ತಾಗಲಿಲ್ಲ.

ಬೆಳ್ಳಿಮೀನು ಕಚ್ಚಿತು. ತುದಿ ಬಾಗಿತು, ಬುಡ ನಿಂತಿತು. ಮೀನು ಬಂಡೆಯನ್ನು ಸುತ್ತಿತು, ಆಳಕ್ಕೆ ಇಳಿಯಿತು, ಮೇಲಕ್ಕೆ ಚಿಮ್ಮಿತು. ಬಿಡಬೇಕಾದಾಗ ಬಿಟ್ಟು, ಹಿಡಿಯಬೇಕಾದಾಗ ಹಿಡಿದು, ಜವರ ಅದನ್ನು ದೋಣಿಯ ಬಳಿಗೆ ತಂದ. ಕೊಕ್ಕೆ ಬಿಡಿಸಲು ಮೀನಿನ ಬಾಯಿ ತೆರೆದದ್ದೇ ತಡ, ಮೂರು ದನಿಗಳು ಹೊರಗೆ ಹಾರಿ ದಡದ ಕಡೆಗೆ ಹೋದವು. ಜವರ ಮೀನನ್ನು ತಡವಿ ನೀರಿಗೆ ಬಿಟ್ಟ.

ಬಂಡೆಯಯ್ಯ ಎದ್ದು ನಿಂತು ಗರ್ಜಿಸಿದ. ಕೆರೆ ಕುದಿಯಿತು. ಮಂಜು ಕವಿದು ದೋಣಿಯ ತುದಿಯೂ ಕಾಣದಾಯಿತು. ಎತ್ತ ಹುಟ್ಟು ಹಾಕಿದರೂ ಕಪ್ಪುನೀರೇ ಬಂದೀತೆಂದು ಜವರ ಹುಟ್ಟು ಎತ್ತಿ ಹಿಡಿದ. ಆಗ ಮಂಜಿನಾಚೆಯಿಂದ ಬಂತು:

“ಓ… ಮುದ್ದೆ ಆರೋಯ್ತದೆ, ಬನ್ನೀ!”

“ಬಂದೆ!” ಎಂದು ಕೂಗಿದ ಜವರ. “ಬಂದೆ, ಚೆಲುವಿ, ಬಂದೆ!” ಕೂಗಿನ ಜಾಡು ಹಿಡಿದು ಹುಟ್ಟು ಹಾಕಿ ದಡ ಮುಟ್ಟಿದ.

ಅವನ ಬೆನ್ನಿಗೇ ತಾಳೆಮರದೆತ್ತರದ ಅಲೆಯೊಂದು ಬಂದು ದಡದ ಮುಂದೆ ನಿಂತಿತು. ಅಲೆಯೊಳಗೆ ಬಂಡೆಯಯ್ಯನ ಮುಖ. “ಕೊಡ್ರೋ ನನ್ ಕೂಗು!”

ಜವರ ಹೆಂಡತಿಗೆ ಅಡ್ಡವಾಗಿ ನಿಂತ. ಚೆಲುವಿ ಅವನನ್ನು ಪಕ್ಕಕ್ಕೆ ಸರಿಸಿ ಕೇಳಿದಳು, “ಅಯ್ಯಾ, ಇಂಥ ಕೂಗು ಕಟ್ಕೊಂಡು ಏನ್ ಮಾಡ್ತೀಯ? ಇದು ಮುದ್ದೆ ಉಣ್ಣೋಕೆ ಕರೆಯೋದು.”

ಅಲೆ ಒಂದು ಮೊಳ ತಗ್ಗಿತು. “ನನ್ನ ಯಾರೂ ಯಾವತ್ತೂ ಉಣ್ಣೋಕೆ ಕರೆದಿಲ್ಲ,” ಎಂದ ಬಂಡೆಯಯ್ಯ.

ಚೆಲುವಿಗೆ ಅಯ್ಯೋ ಅನ್ನಿಸಿತು. ತನ್ನನ್ನು ಅಷ್ಟು ಅಳಿಸಿದವನೆಂಬ ಸಿಟ್ಟೂ ಇತ್ತು. ಸಿಟ್ಟನ್ನು ನುಂಗಿಕೊಂಡು, ಎರಡೂ ಕೈ ಬಾಯಿಗಿಟ್ಟು ಕೂಗಿದಳು:

“ಓ ತಾತಾ… ಮುದ್ದೆ ಆರೋಯ್ತದೆ, ಬಾರೋ!”

ಅಲೆ ಕುಸಿಯಿತು. ಮಂತ್ರವೆಲ್ಲ ನೀರಿನಲ್ಲಿ ಕರಗಿತು, ಕಪ್ಪುನೀರು ತಿಳಿಯಾಯಿತು. ಮೊಣಕಾಲುದ್ದದ ನೀರಿನಲ್ಲಿ ಒದ್ದೆ ಪಂಚೆಯ ಒಬ್ಬ ಮುದುಕ ಗಡಗಡ ನಡುಗುತ್ತಾ ನಿಂತಿದ್ದ. “ಬಂದೆ ಕಣವ್ವಾ,” ಎಂದ.

ಅಂದಿನಿಂದ ನೊರೆನಾಡಿನಲ್ಲಿ ಗಾಳದ ಕೋಲನ್ನು ತೋಳು ನೋಡಿ ಆರಿಸುವುದು ನಿಂತಿತು. ಗಂಡ ಕಣ್ಣು ಮುಚ್ಚುತ್ತಾನೆ, ಹೆಂಡತಿ ತುದಿಗೆ ಹುಳ ಕಟ್ಟುತ್ತಾಳೆ, ಬಿಚ್ಚುತ್ತಾಳೆ. ಆಮೆಗಳು ನೆಮ್ಮದಿಯಾಗಿ ನಿದ್ದೆ ಮಾಡುತ್ತವೆ. ಬೆಳ್ಳಕ್ಕಿ ಮಾತ್ರ ಎಲ್ಲವೂ ತನ್ನಿಂದಲೇ ಎಂದು ಕಂಡವರಿಗೆಲ್ಲ ಹೇಳುತ್ತದೆ.

ತಾತ ಜವರನ ಜಗಲಿಯಲ್ಲೇ ಉಳಿದ. ಹಗಲೆಲ್ಲ ಬಲೆ ಹೆಣೆಯುತ್ತಾನೆ. ಸಂಜೆಯಾಗಿ ಒಲೆಯ ಮೇಲೆ ಮುದ್ದೆ ಬೇಯುವ ವಾಸನೆ ಬಂದರೆ ಸಾಕು, ಮೆಲ್ಲಗೆ ಎದ್ದು, ಕೆಲಸವೇನೂ ಇಲ್ಲದಿದ್ದರೂ, ಕೆರೆಯ ದಡದವರೆಗೆ ನಡೆದುಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಚೆಲುವಿಗೆ ಯಾಕೆಂದು ಗೊತ್ತು. ದೋಣಿಯ ಕಡೆಗೆ ಒಮ್ಮೆ ಕೂಗಿ, ಆಮೇಲೆ ತಾತನ ಕಡೆಗೂ ಒಮ್ಮೆ ಕೂಗುತ್ತಾಳೆ.

ಮಂಜಿನೊಳಗಿಂದ ಒಂದು, ದಡದಿಂದ ಒಂದು, ಎರಡು ದನಿಗಳು “ಬಂದೆ!” ಎನ್ನುತ್ತವೆ.