ನೊರೆ ಮೀಸೆಯ ಸೇಡು

ಸೇಡು ತೀರಿಸಿಕೊಳ್ಳಲು ಹೊರಟವರು ಕತ್ತಿ ಮಸೆಯುತ್ತಾರೆ. ಆಫೀಸಿನವರೆಲ್ಲ ಮೆಣಸಿನಕಾಯಿ ಎಂದು ಕರೆಯುವ ನಮ್ಮ ಹುಡುಗಿ ಫೋನ್ ಚಾರ್ಜಿಗೆ ಹಾಕಿದಳು.

ಅವಳು ಉರಿಯುವುದಕ್ಕೆ ಕಾರಣವಿತ್ತು. ಸೋಪಿನ ಕಂಪನಿಯಲ್ಲಿದ್ದಾಗ, ಕ್ಯಾಂಟೀನಿನಲ್ಲಿ ಎದುರು ಕೂತ ಕನ್ನಡಕದವನಿಗೆ ಒಂದು ಐಡಿಯಾ ಹೇಳಿದ್ದಳು. ಜನ ಸೋಪಿನ ನೊರೆಯಿಂದ ಮೀಸೆ ಮಾಡಿಕೊಂಡು ಫೋಟೋ ಹಾಕಬೇಕು. ಒಂದೊಂದು ಮೀಸೆಗೂ ಕಂಪನಿ ಊರಾಚೆಯ ಕೆರೆಯಿಂದ ಒಂದು ಬುಟ್ಟಿ ಕಳೆ ತೆಗೆಸಬೇಕು. ಹೇಳುತ್ತಲೇ ಕಾಫಿಯ ನೊರೆಯನ್ನು ಅವನ ಮೂಗಿನ ಕೆಳಗೆ ಹಚ್ಚಿದಳು. ಅವನು ಒರೆಸಿಕೊಳ್ಳದೆ ಅವಳನ್ನೇ ನೋಡಿದ. ಆ ಒಂದು ನೋಟಕ್ಕೆ ಅವಳು ಮೂರು ದಿನ ನಿದ್ದೆಗೆಟ್ಟಳು.

ನಾಲ್ಕನೆಯ ದಿನ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದಳು. ಅವತ್ತೇ ಮೀಟಿಂಗಿನಲ್ಲಿ ಅವನು ಆ ಐಡಿಯಾ ತನ್ನದೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ. ಅವಳು ರಾಜೀನಾಮೆ ಬಿಸಾಕಿ ಒಂದು ಟೂತ್‌ಪೇಸ್ಟ್ ಕಂಪನಿ ಸೇರಿದಳು. ಅಲ್ಲಿ ಬ್ರ್ಯಾಂಡಿನ ಹೆಸರಿನಲ್ಲಿ ಆನ್‌ಲೈನ್ ಹರಟುವುದೇ ಅವಳ ಕೆಲಸ.

"ಎಷ್ಟೂಂತ ಹಲ್ಲು ಕಡೀತೀಯೇ? ಪೇಸ್ಟ್ ಕಂಪನಿ ಮಾನ ಹೋಗತ್ತೆ," ಎಂದಳು ಅಕ್ಕ.

"ಅವನಿಗೆ ನೀರು ಕುಡಿಸದೆ ಬಿಡಲ್ಲ, ನೋಡ್ತಿರು."

ನೊರೆ ಮೀಸೆ ಶುರುವಾದ ದಿನ ಅವಳು ನಿಯಮಗಳನ್ನು ಓದಿದಳು. ಬರೆದವನು ಅವನೇ, ಎಷ್ಟು ಮೀಸೆಯವರೆಗೆ ಎಂಬ ಮಿತಿ ಹಾಕುವುದನ್ನೇ ಮರೆತಿದ್ದ. ಹಿಂದೆಲ್ಲ ಅವನ ಇಂಥ ತಪ್ಪುಗಳನ್ನು ತಿದ್ದುತ್ತಿದ್ದವಳು ಅವಳು. ಈ ಸಲ ತಿದ್ದಲಿಲ್ಲ.

"ಸೋಪಣ್ಣಾ, ನಮ್ಮ ಪೇಸ್ಟಿನ ನೊರೆಯ ಮೀಸೆಯೂ ನಡೆಯುತ್ತಾ?" ಎಂದು ಪೇಸ್ಟ್ ಕಂಪನಿಯ ಹೆಸರಿನಲ್ಲಿ, ಸೋಪಿನವರ ಪೇಜಿನಲ್ಲೇ ಎಲ್ಲರೆದುರು ಕೇಳಿದಳು.

"ನೊರೆ ಯಾರದಾದರೇನು, ಕೆರೆ ಎಲ್ಲರದೂ! ಬನ್ನಿ ಪೇಸ್ಟಕ್ಕಾ," ಎಂದು ಅವನು ಉತ್ತರಿಸಿದ. ಉತ್ತರದ ಕೊನೆಗೊಂದು ಕಣ್ಣು ಹೊಡೆಯುವ ಮುಖವೂ ಇತ್ತು. ಅದನ್ನು ಕಂಡು ಅವಳ ಎದೆ ಧಸಕ್ಕೆಂದಿತು, ಮೈ ಉರಿದೂ ಹೋಯಿತು.

ಬೆಳಿಗ್ಗೆ ಹಲ್ಲುಜ್ಜದವರು ಯಾರಿದ್ದಾರೆ? ವಾರದೊಳಗೆ ನಲವತ್ತು ಸಾವಿರ ಮೀಸೆ ಬಂದವು. ಕಂಪನಿ ಐದು ಸಾವಿರ ಬುಟ್ಟಿ ತೆಗೆಸಿ ಕೈತೊಳೆದುಕೊಂಡಿತು. ಉಳಿದದ್ದಕ್ಕೆ ಅವನೇ ಕೆರೆಗೆ ಇಳಿದಿದ್ದಾನೆ ಎಂಬ ಸುದ್ದಿ ಹಳೆಯ ಆಫೀಸಿನಿಂದ ಬಂದಾಗ, ಭಾನುವಾರ ಅವಳು ಕಣ್ಣಾರೆ ನೋಡಲು ಹೋದಳು.

ಅವನು ಸೊಂಟದವರೆಗಿನ ನೀರಿನಲ್ಲಿ ಬಳ್ಳಿ ಎಳೆಯುತ್ತಿದ್ದ. ಕನ್ನಡಕವನ್ನು ದಾರದಿಂದ ತಲೆಗೆ ಕಟ್ಟಿಕೊಂಡಿದ್ದ.

"ತಮಾಷೆ ನೋಡೋಕೆ ಬಂದ್ಯಾ?"

"ಹೂಂ. ಟಿಕೆಟ್ ಇಟ್ಟಿದ್ರೆ ಮುಂದಿನ ಸೀಟೇ ತಗೋತಿದ್ದೆ."

"ಬಾಸ್ ಇಷ್ಟಕ್ಕೇ ನಿಲ್ಸು ಅಂದ್ರು. ಜನಕ್ಕೆ ಮಾತು ಕೊಟ್ಟಿದೀವಿ ಅಂದೆ. ಹಾಗಾದ್ರೆ ನೀನೇ ಇಳಿ ಅಂದ್ರು."

"ಜನಕ್ಕೆ ಕೊಟ್ಟ ಮಾತು ಉಳಿಸ್ಕೊಂಡೆ. ನನ್ನ ಮೀಸೆ ಯಾಕೆ ಕದ್ದೆ?"

ಅವನು ಬುಟ್ಟಿ ದಡಕ್ಕಿಟ್ಟ. "ಅವತ್ತು ಎಲ್ಲರೂ ನನ್ನ ಮುಖ ನೋಡಿದ್ರು. ನಿನ್ನ ಮಾತು ಬಾಯಿಗೆ ಬಂತು, ನಿನ್ನ ಹೆಸರು ಹೇಳೋಕೆ ಮನಸ್ಸು ಬರ್ಲಿಲ್ಲ. ಹೇಡಿ ನಾನು."

"ಇದನ್ನ ಕೆರೆಗೆ ಹೇಳಿ ಏನುಪಯೋಗ? ಆ ನಲವತ್ತು ಸಾವಿರ ಜನಕ್ಕೆ ಹೇಳು."

"ಕೆಲಸ ಹೋಗತ್ತೆ ಕಣೇ."

"ನಂದು ಹೋಗ್ಲಿಲ್ವಾ?"

ಅವನು ಮೇಲೆ ಬಂದು, ಕೈ ಒರೆಸಿಕೊಂಡು, ಕಂಪನಿಯ ಪೇಜಿನಲ್ಲೇ ಲೈವ್ ಹಾಕಿದ. ಐಡಿಯಾ ಅವಳದು, ಕದ್ದವನು ತಾನು ಎಂದು ಅವಳ ಹೆಸರು ಹೇಳಿಯೇ ಒಪ್ಪಿಕೊಂಡ. ಲೈವ್ ಮುಗಿಯುವುದೇ ತಡ, ಬಾಸ್‌ನ ಕರೆಗೆ ಅವನ ಫೋನ್ ಹೊಡೆದುಕೊಳ್ಳಲು ಶುರುವಾಯಿತು. ಅವನು ಎತ್ತಲಿಲ್ಲ.

ಈ ಗಳಿಗೆಗೆಂದೇ ಅವಳು ತಿಂಗಳುಗಟ್ಟಲೆ ಒಂದು ನಗು ಕೂಡಿಟ್ಟಿದ್ದಳು. ಬರಲಿಲ್ಲ ಆ ನಗು. ಕೆಸರು ಮೆತ್ತಿದ ಆ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು.

"ಈಗ ಸಮಾಧಾನ ಆಯ್ತಾ?"

"ಎಲ್ಲಿ? ಇನ್ನೂ ಹತ್ತಿರ ಹತ್ತಿರ ಮೂವತ್ತೈದು ಸಾವಿರ ಬುಟ್ಟಿ ಬಾಕಿ ಇದೆ. ಒಂದೊಂದಕ್ಕೂ ನಿಂತು ಬೈತೀನಿ."

ಅವನು ತಲೆಯೆತ್ತಿ ನೋಡಿದ. "ಹಾಗಾದ್ರೆ ದಿನಾ ಬರ್ತೀಯಾ?"

"ಬರದೆ? ನಿನ್ನ ಬೇರೆ ಯಾರಾದ್ರೂ ಬೈದ್ರೆ ನಂಗೆ ಸಹಿಸೋಕಾಗಲ್ಲ," ಎಂದವಳೇ ಚಪ್ಪಲಿ ಕಳಚಿ, ಖಾಲಿ ಬುಟ್ಟಿ ಎತ್ತಿಕೊಂಡು ನೀರಿಗೆ ಇಳಿದಳು.